ಸೆರಗಿನೊಳಗಿನ ಕೂಸು

ಹುಟ್ಟುಗೂದಲಿನ ಜಾವಳ ತೆಗೆಸುವವರೆಗೆ ಕೂಸಿನ ಫೋಟೊ ತೆಗೆಯಬಾರದು, ದೃಷ್ಟಿಯಾಗುತ್ತದೆ ಎಂಬುದು ಕಲ್ಲೋಳಿಯ ಕಾಶೆವ್ವನ ಹುಕುಂ. ಮಗ ಮಲ್ಲೇಶ ಮೊಬೈಲ್ ಎತ್ತಿದರೆ ಸಾಕು, ಕೈಗೆ ಬಡಿದು ಕಸಿದುಕೊಳ್ಳುತ್ತಿದ್ದಳು. ಅವಳ ಮಾತಿಗೆ ಆ ಮನೆಯಲ್ಲಿ ಎಮ್ಮೆಯೂ ಎದುರಾಡುತ್ತಿರಲಿಲ್ಲ. ಜಾವಳಕ್ಕೆ ಮೊದಲೇ ಕೂಸು ಜ್ವರದಲ್ಲಿ ಹೋಯಿತು. ನೆನೆದು ನೋಡಲು ಅದರ ಒಂದು ಫೋಟೊ ಕೂಡ ಇರಲಿಲ್ಲ. ಸೊಸೆ ದಾನೇಶ್ವರಿ ಬೈಯಲಿಲ್ಲ. ಅತ್ತೆಯೊಡನೆ ಮಾತು ಬಿಟ್ಟಳು. ಬೈದಿದ್ದರೆ ಕಾಶೆವ್ವನಿಗೆ ಎಷ್ಟೋ ಹಗುರಾಗುತ್ತಿತ್ತು.

ಮಾಡಿದ್ದನ್ನು ಹೇಗಾದರೂ ಸರಿಪಡಿಸಬೇಕೆಂದು ಅವಳು ಗೋಕಾಕದಲ್ಲಿ ಚಿತ್ರ ಬರೆಯುವ ವೀರಪ್ಪನ ಅಂಗಡಿಗೆ ಹೋದಳು. "ಗುಂಡ ಮಾರಿ, ಮಲ್ಲೇಶನ ಮೂಗು, ಕಣ್ಣು ಅವರವ್ವನಂಗ," ಎಂದು ಹೇಳಿ ಹೇಳಿ ಬರೆಸಿದಳು. ಮೂಡಿದ್ದು ಸಾಬೂನಿನ ಜಾಹೀರಾತಿನ ಕೂಸು. ದಾನೇಶ್ವರಿ ಅದನ್ನು ನೋಡಿ ಗಂಡನನ್ನು ಕೇಳಿದಳು: "ಯಾರ ಕೂಸರಿ ಇದು?" ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ಕಾಶೆವ್ವನಿಗೆ.

ಮರುದಿನ ದಾನೇಶ್ವರಿ ಆ ಚಿತ್ರ ಹಿಡಿದು ತಾನೇ ಗೋಕಾಕದ ಬಸ್ ಹತ್ತಿದಳು. ಕರೆಯದಿದ್ದರೂ ಕಾಶೆವ್ವ ಹಿಂದೆ ಹೋದಳು.

"ಕಾಕಾ, ಕೂಸಿನ ಮಾರಿ ಬರೀಬ್ಯಾಡ್ರಿ. ನಾ ಎತ್ಕೊಂಡ ಕುಂದರ್ತೇನಿ, ನನ್ನ ಬರೀರಿ. ಕೂಸು ಸೆರಗಿನಾಗ ಇರಲಿ," ಎಂದಳು ದಾನೇಶ್ವರಿ ವೀರಪ್ಪನಿಗೆ.

ಸ್ಟೂಲಿನ ಮೇಲೆ ಕುಳಿತು, ಎಡಗೈ ಮಡಚಿ, ಇಲ್ಲದ ಕೂಸಿನ ಮೇಲೆ ಸೆರಗು ಎಳೆದುಕೊಂಡಳು. ತಲೆ ಇರುತ್ತಿದ್ದ ಜಾಗ ಬಿಟ್ಟು ಮೊಳಕೈ ತುಸು ಮೇಲೆತ್ತಿದಳು. ಬಲಗೈ ತಾನಾಗಿಯೇ ತಟ್ಟತೊಡಗಿತು.

"ಕೈ ಅಲ್ಲಾಡಿಸಬ್ಯಾಡವಾ, ತಂಗಿ," ಎಂದ ವೀರಪ್ಪ.

ಕೈ ನಿಲ್ಲಲಿಲ್ಲ. ಅವನು ಮತ್ತೆ ಹೇಳಲಿಲ್ಲ. ತಟ್ಟಲು ಎತ್ತಿದ ಹಾಗೆಯೇ ಆ ಕೈಯನ್ನು ಬರೆದ. ಬಾಗಿಲಲ್ಲಿ ಕೂತಿದ್ದ ಕಾಶೆವ್ವ ಗೋಡೆಯ ಕಡೆ ತಿರುಗಿಬಿಟ್ಟಳು. ಆ ಕೂಸಿನ ಮುಖ ಮುಚ್ಚಿದ್ದು ಸೆರಗಲ್ಲ, ತಾನು.

ಚಿತ್ರ ಪಡಸಾಲೆಯ ಗೋಡೆಗೆ ಬಂತು. ಬಾಜೂ ಮನೆಯ ಶೆಟ್ಟೆವ್ವ ನೋಡಲು ಬಂದಳು. "ಭಾಳ ಚಂದ ಐತಿ. ಆದ್ರ ಕೂಸಿನ ಮಾರಿ ಯಾಕ ಮುಚ್ಚೇರಿ?"

ಒಳಗೆ ರೊಟ್ಟಿ ಬಡಿಯುತ್ತಿದ್ದ ದಾನೇಶ್ವರಿಯ ಕೈ ನಿಂತಿತು. ಥಂಡಿಗೆ ಹೊದಿಸಿದೆವು ಎಂದೋ, ಮಲಗಿದೆ ಎಂದೋ ಕಾಶೆವ್ವ ಹೇಳಬಹುದಿತ್ತು.

"ನಾನ ಮುಚ್ಚೇನಿ," ಎಂದಳು. "ಒಂದ ಫೋಟೊ ತಗಿಯಾಕ ಬಿಡಲಿಲ್ಲ ನಾ. ನನ್ನ ಕೈಯಾರೆ ಕಳಕೊಂಡ್ನಿ." ಅಷ್ಟು ದಿನ ಕಟ್ಟಿಕೊಂಡಿದ್ದ ಅಳು ಮನೆ ತುಂಬಾ ಒಡೆಯಿತು.

ದಾನೇಶ್ವರಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಅವಳ ಪಕ್ಕ ಕೂತಳು. ಚಿತ್ರದ ಕಡೆಗೊಮ್ಮೆ ನೋಡಿದಳು.

"ಸಾವಕಾಶ ಅಳ್ರಿ, ಅತ್ತಿ," ಎಂದಳು. "ಕೂಸು ಏಳತೈತಿ."