ಬೇಟೆ ಕ್ಯಾಬಿನ್ನಿನ ಒಪ್ಪಂದ

ನನ್ನ ಹೆಂಡತಿ ಡೆಲ್ಫೀನ್ ರಾಜ್ಯ ಶಾಸನಸಭೆಯ ಚುನಾವಣೆಯಲ್ಲಿ ಒಂದು ಮತದಿಂದ ಸೋತಳು. ನಮ್ಮೂರಾದ ಟಾರ್ಬೆಲ್‌ನ ಜನ ಅದನ್ನು ಎರಡು ದಿನ ಗಮನಿಸಲೇ ಇಲ್ಲ. ಅಧ್ಯಕ್ಷರ ಚುನಾವಣೆಯ ವರ್ಷವಾದ್ದರಿಂದ ಎಲ್ಲರೂ ಟೀವಿ ಮುಂದೆ ಕೂತು ದೇಶದ ನಕ್ಷೆ ನೋಡುತ್ತಿದ್ದರು. ನಮ್ಮ ಕ್ಷೇತ್ರದ ಫಲಿತಾಂಶವನ್ನು ಟೌನ್ ಹಾಲಿನ ಬಾಗಿಲಿಗೆ ಅಂಟಿಸಿದ್ದರು. ಅದನ್ನು ಓದಿದವರು ನಾವಿಬ್ಬರು ಮತ್ತು ಅಂಚೆ ಹಂಚುವ ಹುಡುಗಿ.

ಡೆಲ್ಫೀನ್ ಇಪ್ಪತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಎರಡು ವರ್ಷಗಳ ಹಿಂದೆ ಆಂಬುಲೆನ್ಸ್‌ಗಾಗಿ ಚುನಾವಣೆಗೆ ನಿಂತು ಗೆದ್ದಳು. ನಮ್ಮೂರಿನ ಆಂಬುಲೆನ್ಸನ್ನು ಗುಡ್ಡದಾಚೆಯ ದೊಡ್ಡ ಪಟ್ಟಣಕ್ಕೆ ಸಾಗಿಸಬೇಕೆಂಬ ಯೋಜನೆಯಿತ್ತು. ಹಾಗಾದರೆ ಹಿಮ ಬೀಳುವ ತಿಂಗಳುಗಳಲ್ಲಿ ಅದು ಇಲ್ಲಿಗೆ ಬರುವಷ್ಟರಲ್ಲಿ ಒಂದೂವರೆ ತಾಸು ಕಳೆದಿರುತ್ತದೆ. ರಾಜ್ಯದ ನೆರವಿನಿಂದ ಆಂಬುಲೆನ್ಸನ್ನು ಇಲ್ಲೇ ಉಳಿಸುವ ಮಸೂದೆಯನ್ನು ಅವಳು ಬರೆಸಿದ್ದಳು. ಅದು ಸಮಿತಿಯಲ್ಲೇ ಸಿಕ್ಕಿಕೊಂಡಿತು. ಜನವರಿಯಲ್ಲಿ ಹೊಸ ಸಭೆ ಕೂತಾಗ ಯಾರಾದರೂ ಅದನ್ನು ಮತ್ತೆ ಮಂಡಿಸಬೇಕಿತ್ತು. ಅವಳ ವಿರುದ್ಧ ನಿಂತ ಟ್ರೆಂಟ್ ಹ್ಯಾಸ್ಕೆಲ್ ಕೆಟ್ಟವನಲ್ಲ, ಮನೆ ಜಮೀನು ಮಾರಿಸಿಕೊಡುವ ದಲ್ಲಾಳಿ. ಆದರೆ ಅವನಿರುವುದು ಕ್ಷೇತ್ರದ ಇನ್ನೊಂದು ತುದಿಯಲ್ಲಿ, ಆಸ್ಪತ್ರೆಯ ಪಕ್ಕದ ಬೀದಿಯಲ್ಲಿ.

ಮತದಾನದ ದಿನ ಸಾಲು ಟೌನ್ ಹಾಲಿನಿಂದ ಚರ್ಚಿನವರೆಗೆ ಬೆಳೆದಿತ್ತು. ಅಧ್ಯಕ್ಷರಿಂದ ಹಿಡಿದು ಶಾಸನಸಭೆಯವರೆಗೆ ಎಲ್ಲಕ್ಕೂ ನಮ್ಮಲ್ಲಿ ಒಂದೇ ಮತಪತ್ರ. ಬಂದವರಲ್ಲಿ ಅನೇಕರು ಅಧ್ಯಕ್ಷರ ಹೆಸರಿನ ಮುಂದಿನ ಸೊನ್ನೆಯನ್ನಷ್ಟೇ ಕಪ್ಪು ಮಾಡಿ ಉಳಿದದ್ದನ್ನು ಖಾಲಿ ಬಿಟ್ಟು ಹೋದರೆಂದು ಎಣಿಕೆಯಾದ ಮೇಲೆ ತಿಳಿಯಿತು. ಅದು ಪ್ರತಿ ಸಲವೂ ಆಗುವುದೇ. ಮರುಎಣಿಕೆ ಬೇಕೆಂದು ಡೆಲ್ಫೀನ್ ಅರ್ಜಿ ಹಾಕಿದಳು.

ಅದೇ ವಾರ ನಾನು ಕಾಫಿ ಪುಡಿ ತರಲು ಅಂಗಡಿಗೆ ಹೋಗಿದ್ದೆ. ಹೊಡೆದ ಜಿಂಕೆಯನ್ನು ತೂಗಿಸಿ ಸರಕಾರದ ಚೀಟಿ ಕಟ್ಟಿಸಿಕೊಳ್ಳುವುದೂ ಅಲ್ಲೇ. ಟ್ರಕ್ಕಿನ ಹಿಂಭಾಗದಲ್ಲಿ ಒಳ್ಳೆಯ ಕೊಂಬಿನ ಗಂಡು ಜಿಂಕೆ ಹಾಕಿಕೊಂಡು ವೆಂಡೆಲ್ ಕ್ರಾಸ್ಬಿ, ಆರ್ಮಾಂಡ್ ಪೆಲ್ಕಿ ಬಂದರು. ನಾವು ಮೂವರೂ ಒಂದೇ ಕಾಗದದ ಕಾರ್ಖಾನೆಯಲ್ಲಿದ್ದವರು. ಅವರು ಯಂತ್ರದ ಮೇಲೆ, ನಾನು ಪ್ರಯೋಗಾಲಯದಲ್ಲಿ. ಶನಿವಾರದಿಂದ ಅವರು ಕಾಡಿನ ಕ್ಯಾಬಿನ್ನಿನಲ್ಲಿದ್ದರು. ಅಲ್ಲಿ ಫೋನು ಸಿಗುವುದಿಲ್ಲ.

"ಡೆಲ್ ಗೆದ್ಲು ತಾನೆ?" ಎಂದ ವೆಂಡೆಲ್.

ಇಲ್ಲವೆಂದೆ. ಎಷ್ಟರಲ್ಲಿ ಎಂದು ಕೇಳಿದ. ಒಂದು ಎಂದೆ.

"ಒಂದು ನೂರಾ?"

"ಒಂದು ಮತ."

ವೆಂಡೆಲ್ ತಲೆಯಾಡಿಸಿ, ಮತ ಹಾಕಲು ಬಾರದ ಸೋಮಾರಿಗಳನ್ನು ಬೈಯತೊಡಗಿದ. ಆರ್ಮಾಂಡ್ ಜಿಂಕೆಯ ಕಾಲಿಗೆ ಕಟ್ಟಿದ ಹಗ್ಗವನ್ನು ಕೈಬಿಟ್ಟು ಅವನತ್ತ ತಿರುಗಿದ.

"ಬಾಯಿ ಮುಚ್ಚೋ ವೆಂಡೆಲ್. ನಾವೂ ಹಾಕಿಲ್ವಲ್ಲ. ನಾವು ಜಗಳ ಆಡಿದ್ದು ಅಧ್ಯಕ್ಷರ ವಿಷಯಕ್ಕೆ ಮಾತ್ರ ತಾನೆ?" ಎಂದ.

ಆಗ ಅವರ ಬಾಯಿಂದಲೇ ನನಗೆ ವಿಷಯ ತಿಳಿಯಿತು. ವೆಂಡೆಲ್ ರಿಪಬ್ಲಿಕನ್, ಆರ್ಮಾಂಡ್ ಡೆಮಾಕ್ರಟ್. ಎಂಟು ವರ್ಷಗಳ ಹಿಂದೆ ಕ್ಯಾಬಿನ್ನಿನಲ್ಲಿ ಅಧ್ಯಕ್ಷರ ಮಾತು ಜಗಳಕ್ಕೆ ತಿರುಗಿ, ಆರ್ಮಾಂಡ್ ಬಂದೂಕು ಹೆಗಲಿಗೇರಿಸಿಕೊಂಡು ಹಿಮದಲ್ಲಿ ಮನೆಗೆ ನಡೆದುಬಂದಿದ್ದನಂತೆ. ಚಳಿಗಾಲವೆಲ್ಲ ಇಬ್ಬರೂ ಮಾತು ಬಿಟ್ಟಿದ್ದು ನನಗೆ ನೆನಪಿತ್ತು. ರಾಜಿ ಮಾಡಿಸಿದವಳು ವೆಂಡೆಲ್‌ನ ಹೆಂಡತಿ ನಡೀನ್. ಒಬ್ಬನ ಮತ ಇನ್ನೊಬ್ಬನದನ್ನು ಹೊಡೆದುಹಾಕುತ್ತದೆ, ಆದ್ದರಿಂದ ಅಧ್ಯಕ್ಷರ ಚುನಾವಣೆಯ ವರ್ಷ ಇಬ್ಬರೂ ಮತ ಹಾಕದೆ ಬೇಟೆಗೆ ಹೋಗಿಬಿಡಿ ಎಂದು ಅವಳು ತೀರ್ಪು ಕೊಟ್ಟಿದ್ದಳು. ಬೇಟೆಗೆ ಹೋಗುವವರು ಮೊದಲೇ ಮತಪತ್ರ ತುಂಬಿ ಕೊಟ್ಟು ಹೋಗುವುದು ನಮ್ಮಲ್ಲಿ ರೂಢಿ. ಇವರೂ ಹಾಗೇ ಮಾಡುತ್ತಾರೆಂದು ಊರೆಲ್ಲ ಅಂದುಕೊಂಡಿತ್ತು.

ಆದರೆ ಡೆಲ್ಫೀನ್ ವಿಷಯದಲ್ಲಿ ಅವರಿಬ್ಬರಿಗೆ ಭಿನ್ನಾಭಿಪ್ರಾಯವೇ ಇರಲಿಲ್ಲ. ನಡೀನ್‌ಗೆ ಎದೆನೋವು ಬಂದ ರಾತ್ರಿ ಆಂಬುಲೆನ್ಸ್ ಊರಲ್ಲೇ ಇದ್ದದ್ದರಿಂದ ಅವಳು ಉಳಿದಿದ್ದಳು. ಅಂದಿನಿಂದ ಪಕ್ಷ ಯಾವುದಾದರೂ ವೆಂಡೆಲ್ ಡೆಲ್ಫೀನಳ ಕಡೆ. ಎರಡು ವರ್ಷಗಳ ಹಿಂದೆ, ಅಧ್ಯಕ್ಷರ ಚುನಾವಣೆಯಿಲ್ಲದ ವರ್ಷ, ಇಬ್ಬರೂ ಅವಳಿಗೇ ಮತ ಹಾಕಿದ್ದರು. ಈ ಸಲ ರಸ್ತೆಯುದ್ದಕ್ಕೂ ಅವಳ ಹೆಸರಿನ ಫಲಕಗಳನ್ನು ಸುತ್ತಿಗೆಯಿಂದ ಬಡಿದು ನಿಲ್ಲಿಸಿದವರೂ ಅವರೇ. ಆಮ್ಲ ಮತ್ತು ಕ್ಷಾರ ಒಂದನ್ನೊಂದು ಶಮನ ಮಾಡುತ್ತವೆ, ನಿಜ. ಹಾಗೆಂದು ಪ್ರಯೋಗಾಲಯದಲ್ಲಿ ನಾವು ಎರಡೂ ಪಾತ್ರೆಗಳನ್ನು ಬಚ್ಚಲಿಗೆ ಸುರಿಯುವುದಿಲ್ಲ. ಅವುಗಳಲ್ಲಿ ಬೇರೆ ಏನೇನು ಕರಗಿದೆ ಎಂದು ಮೊದಲು ನೋಡುತ್ತೇವೆ. ಇವರು ನೋಡಿರಲಿಲ್ಲ. ತಾನು ಡೆಲ್ಫೀನಳಿಗೇ ಮತ ಹಾಕಿದ್ದ ನಡೀನ್‌ಗೂ ಇದು ಹೊಳೆದಿರಲಿಲ್ಲ.

ಮರುಎಣಿಕೆ ಆಗುವವರೆಗೆ ಡೆಲ್ಫೀನ್‌ಗೆ ಹೇಳಬೇಡವೆಂದು ವೆಂಡೆಲ್ ನನ್ನನ್ನು ಬೇಡಿಕೊಂಡ. ಅವಳು ಗೆದ್ದರೆ ಎಲ್ಲರೂ ಕೂತು ನಗಬಹುದು ಎಂಬುದು ಅವನ ಆಸೆ. ಸೋತರೆ ಏನೆಂದು ಕೇಳಿದೆ.

"ಸೋತ್ರೂ ನಾವೇ ಬಂದು ಹೇಳ್ತೀವಿ. ನೀನು ಹೇಳೋದು ಬೇಡ," ಎಂದ ಆರ್ಮಾಂಡ್.

ಮರುಎಣಿಕೆಯ ದಿನ ನಾವಿಬ್ಬರೂ ರಾಜಧಾನಿಗೆ ಹೋದೆವು. ಮತಪತ್ರಗಳನ್ನು ಒಂದೊಂದಾಗಿ ಕೈಯಿಂದ ಎಣಿಸಿದರು. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಒಂದು ಮತ ಹೆಚ್ಚಾಗಿ ಲೆಕ್ಕ ಸಮನಾಯಿತು. ಡೆಲ್ಫೀನ್ ಮೇಜಿನ ಕೆಳಗೆ ನನ್ನ ಕೈ ಹಿಡಿದಳು. ಕೊನೆಯ ಕಟ್ಟಿನಲ್ಲಿ ಹ್ಯಾಸ್ಕೆಲ್‌ಗೂ ಒಂದು ಸಿಕ್ಕಿತು. ಅಂತರ ಮತ್ತೆ ಒಂದಕ್ಕೇ ಬಂದು ನಿಂತಿತು. ಅವಳು ಹ್ಯಾಸ್ಕೆಲ್‌ನ ಕೈ ಕುಲುಕಿದಳು.

ಮರುದಿನ ಬೆಳಗ್ಗೆ ವೆಂಡೆಲ್, ಆರ್ಮಾಂಡ್ ಇಬ್ಬರೂ ಮನೆಗೆ ಬಂದರು. ಕಾಗದದಲ್ಲಿ ಸುತ್ತಿದ ಜಿಂಕೆಯ ಬೆನ್ನಿನ ಮಾಂಸವನ್ನು ಮೇಜಿನ ಮೇಲಿಟ್ಟು, ಟೋಪಿ ಕೈಯಲ್ಲಿ ಹಿಡಿದು ನಿಂತೇ ಹೇಳಿದರು. ಹೇಳಿದವನು ಆರ್ಮಾಂಡ್. ವೆಂಡೆಲ್ ನಡುನಡುವೆ ನಡೀನ್ ಹೆಸರು ಎತ್ತಿದಾಗೆಲ್ಲ ಆರ್ಮಾಂಡ್ ಅವನನ್ನು ಮೊಣಕೈಯಿಂದ ತಿವಿಯುತ್ತಿದ್ದ.

ಡೆಲ್ಫೀನ್ ಪೂರ್ತಿ ಕೇಳಿಸಿಕೊಂಡಳು.

"ಮತಗಟ್ಟೆ ಒಳಗೆ ಹೋಗಿ ಒಬ್ಬರ ಮತಾನ ಇನ್ನೊಬ್ಬರು ಹೊಡೆದು ಹಾಕೋಕೆ ಏನಾಗಿತ್ತು ನಿಮಗೆ?" ಎಂದಳು.

ಇಬ್ಬರೂ ಮುಖ ಮುಖ ನೋಡಿಕೊಂಡರು. ಎಂಟು ವರ್ಷದಲ್ಲಿ ಇದು ಅವರಿಗೆ ತೋಚಿರಲಿಲ್ಲವೆಂಬುದು ಸ್ಪಷ್ಟವಾಗಿತ್ತು.

ಎರಡು ವರ್ಷ ಬಿಟ್ಟು ಮತ್ತೆ ನಿಲ್ಲು, ಆ ವರ್ಷ ಅಧ್ಯಕ್ಷರ ಚುನಾವಣೆ ಇರುವುದಿಲ್ಲ ಎಂದು ವೆಂಡೆಲ್ ಸಮಾಧಾನ ಹೇಳಲು ನೋಡಿದ.

"ಆಂಬುಲೆನ್ಸ್ ಎರಡು ವರ್ಷ ಕಾಯಲ್ಲ ವೆಂಡೆಲ್." ಅವಳು ಒಳಗೆ ಹೋಗಿ ಮಸೂದೆಯ ಪ್ರತಿ ತಂದು ಅವನ ಕೈಗಿಟ್ಟಳು. "ಹ್ಯಾಸ್ಕೆಲ್ ಗೆದ್ದಿರೋದು ನಿಮ್ಮಿಬ್ಬರ ದಯೆಯಿಂದ. ಹೋಗಿ ಅವನಿಗೆ ಹಾಗಂತ ಹೇಳಿ. ಇದನ್ನ ಅವನೇ ಮಂಡಿಸ್ಲಿ."

"ಅವನು ನಂಬಬೇಕಲ್ಲ?"

"ನಿಮ್ಮ ಮುಖ ನೋಡಿದ್ರೆ ಯಾರಾದ್ರೂ ನಂಬ್ತಾರೆ. ನಡೀನ್‌ನೂ ಕರ್ಕೊಂಡು ಹೋಗಿ. ಆ ರಾತ್ರಿ ಏನಾಯ್ತು ಅಂತ ಅವಳೇ ಹೇಳ್ಲಿ." ಮಾಂಸದ ಪೊಟ್ಟಣವನ್ನು ಎತ್ತಿ ಆರ್ಮಾಂಡ್‌ಗೆ ಕೊಟ್ಟಳು. "ಇದೂ ಅವನಿಗೇ."

ಅವರು ಟ್ರಕ್ ಹತ್ತಿದರು. ಕಿಟಕಿ ಗಾಜು ಮುಚ್ಚಿದ್ದರೂ ಹ್ಯಾಸ್ಕೆಲ್ ಎದುರು ಮೊದಲು ಯಾರು ಬಾಯಿ ತೆರೆಯಬೇಕೆಂಬ ಜಗಳ ನಮಗೆ ಕೇಳಿಸುತ್ತಿತ್ತು. ನಡೀನ್‌ಳನ್ನು ಕರೆದುಕೊಳ್ಳಲು ಅವರು ವೆಂಡೆಲ್‌ನ ಮನೆಯ ಕಡೆಗೆ ತಿರುಗುವವರೆಗೂ ಡೆಲ್ಫೀನ್ ಬಾಗಿಲಲ್ಲೇ ನಿಂತು ನೋಡಿದಳು.