ಹೈದರಾಬಾದಿಗೆ ಹೋಗುವವರಿಗೆ

ವಿರೂಪಣ್ಣನಿಗೆ ದನಿ ಇರಲಿಲ್ಲ. ತಾಳ ಇತ್ತು, ಇನ್ನೂರು ತತ್ವಪದ ಬಾಯಿಪಾಠ ಇದ್ದವು, ಏಕತಾರಿ ಅವನ ಕೈಯಲ್ಲಿ ಎಂದೂ ತಪ್ಪುತ್ತಿರಲಿಲ್ಲ. ಆದರೆ ಮಾನ್ವಿಯ ಮಠಕ್ಕೆ ಸೋಮವಾರದ ಭಜನೆಗೆ ಜನ ಬರುತ್ತಿದ್ದದ್ದು ಶಂಭುಲಿಂಗಪ್ಪನ ದನಿ ಕೇಳಲು. ಹಾಡುವುದನ್ನು ಅವನಿಗೆ ಕಲಿಸಿದವನು ವಿರೂಪಣ್ಣ. ಹೈದರಾಬಾದು ರೇಡಿಯೊದಿಂದ ಬಂದ ಪತ್ರದಲ್ಲಿ ಮಾತ್ರ ಒಂದೇ ಹೆಸರಿತ್ತು: ಶಂಭುಲಿಂಗಪ್ಪ. ಗುರುವಾರ ಸಂಜೆ ಆರಕ್ಕೆ ಹಾಡಬೇಕು.

ಬುಧವಾರ ರಾಯಚೂರಿಗೆ ಹೋಗುವ ಬಸ್ಸಿನ ಹತ್ತಿರ ವಿರೂಪಣ್ಣ ಅವನಿಗೆ ಬುದ್ಧಿ ಹೇಳುತ್ತಿದ್ದ. ಕೋರ್ಟಿನ ಸಾಕ್ಷಿಗೆಂದು ಒಮ್ಮೆ ಹೈದರಾಬಾದು ನೋಡಿ ಬಂದವನು ವಿರೂಪಣ್ಣ. ಅಲ್ಲಿಗೆ ಹೊರಟವರೆಲ್ಲ ಅವನನ್ನು ಕೇಳಿಯೇ ಹೋಗುತ್ತಿದ್ದರು. ಮಹಾಯುದ್ಧದಿಂದಾಗಿ ಪೆಟ್ರೋಲು ಇರಲಿಲ್ಲ, ಬಸ್ಸು ಇದ್ದಲಿಯ ಅನಿಲದಿಂದ ಓಡುತ್ತಿತ್ತು. ಬಸ್ಸಿನ ಹಿಂದಿನ ಒಲೆಗೆ ಇದ್ದಲಿ ತುಂಬಿ ಕ್ಲೀನರ್ ಗಾಳಿ ತಿರುವುತ್ತಿದ್ದ.

"ಟಾಂಗಾ ಹತ್ತೂಕಿಂತ ಮೊದ್ಲ ಬಾಡಿಗಿ ಮಾತಾಡು. ಗಂಟು ಮಗ್ಗಲಾಗ ಇಡಬ್ಯಾಡ, ಅದರ ಮ್ಯಾಲ ಕುಂದ್ರು. ದಾರಿ ಕೇಳೋದಾದ್ರ ಪಾನ್ ಅಂಗಡ್ಯಾಗ ಕೇಳು, ಪೋಲೀಸನವ್ನ ಕೇಳಬ್ಯಾಡ."

"ಯಾಕ?"

"ಅವ ತಿರುಗಿ ನಿನ್ನನ್ನ ಕೇಳಾಕ ಶುರು ಮಾಡ್ತಾನ. ಗಾಡ್ಯಾಗ ಯಾರು ಕೇಳಿದ್ರೂ ಎಲ್ಲಿಗೆ ಹೊಂಟೀನಿ ಅಂತ ಹೇಳಬ್ಯಾಡ. ಸಿಹಿ ಮಾತಾಡಿ ಕಿಸೆ ಕತ್ತರಿಸ್ತಾರ."

ಡ್ರೈವರ್ ಸತ್ತಾರ್ ಸಾಬ್ ಬಂದ. "ಬರ್ರಿ ಶಂಭುಲಿಂಗಪ್ಪ, ಮುಂದಿನ ಸೀಟು ನಿಮ್ದು. ನಾಳಿ ನವಾಬರೆಲ್ಲ ನಿಮ್ ಹಾಡು ಕೇಳ್ತಾರ. ವಿರೂಪಣ್ಣ, ನೀವು ಹತ್ತಂಗಿಲ್ಲೇನ್ರಿ? ಹಾಂ, ಪತ್ರದಾಗ ನಿಮ್ ಹೆಸ್ರು ಇಲ್ಲಲ್ಲ!"

ಸುತ್ತಲಿದ್ದವರು ನಕ್ಕರು. ಶಂಭುಲಿಂಗಪ್ಪನೂ ನಕ್ಕ.

ಇನ್ನೊಂದು ಮಾತು ಉಳಿದಿತ್ತು. ರಾಯಚೂರಿನಲ್ಲಿ ಹತ್ತುವ ರೈಲುಗಾಡಿ ಮುಂಬಯಿಗೆ ಹೋಗುತ್ತದೆ. ಹೈದರಾಬಾದಿಗೆ ವಾಡಿಯಲ್ಲಿ ಇಳಿದು ಬೇರೆ ಗಾಡಿ ಹತ್ತಬೇಕು. ಉಳಿದವರಿಗೆಲ್ಲ ವಿರೂಪಣ್ಣ ಇದನ್ನೇ ಮೊದಲು ಹೇಳುತ್ತಿದ್ದ. ಇದ್ದಲಿ ಕೆಂಪಗಾಗಲು ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವನು ಶಂಭುಲಿಂಗಪ್ಪನ ಕಿಟಕಿಯ ಕೆಳಗೇ ನಿಂತಿದ್ದ.

"ಇನ್ನೇನರ ಅದ ಏನೋ ಹೇಳೋದು?" ಹೊಸ ರುಮಾಲು ಸರಿಮಾಡಿಕೊಳ್ಳುತ್ತ ಶಂಭುಲಿಂಗಪ್ಪ ಕೇಳಿದ.

"ಇಲ್ಲ. ಇಷ್ಟ ನೋಡು."

ಮರುದಿನ ಸಂಜೆ ಅಕ್ಕಿ ಗಿರಣಿಯ ಅಂಗಳದಲ್ಲಿ, ಸಾಹುಕಾರನ ರೇಡಿಯೊದ ಮುಂದೆ ಐವತ್ತು ಜನ ಕೂತಿದ್ದರು. ಶಂಭುಲಿಂಗಪ್ಪನ ಹೆಂಡತಿ ಶಿವಬಸಮ್ಮ ಪೆಟ್ಟಿಗೆಗೆ ಕುಂಕುಮ ಹಚ್ಚಿದ್ದಳು. ಆರು ಹೊಡೆಯಿತು. ಯಾರೋ ಉರ್ದುವಿನಲ್ಲಿ ಎರಡು ಮಾತು ಹೇಳಿದರು. ಆಮೇಲೆ ಶಹನಾಯಿ ಬಂತು.

"ಹಾಡವ್ರು ಬಂದಿಲ್ಲಂತ," ಎಂದ ಸಾಹುಕಾರ. "ಗ್ರಾಮಫೋನ್ ಪ್ಲೇಟು ಹಾಕ್ಯಾರ."

ಶಿವಬಸಮ್ಮ ತಿರುಗಿದಳು. "ಯಣ್ಣಾ, ಎಲ್ಲಾ ಹೇಳಿ ಕಳಿಸಿದ್ರಿ ಹೌದಿಲ್ಲ?"

"ಎಲ್ಲಾ ಹೇಳೀನವ್ವಾ."

ಶಹನಾಯಿ ಚೆನ್ನಾಗಿತ್ತು. ವಿರೂಪಣ್ಣ ತೊಡೆಯ ಮೇಲೆ ತಾಳ ಹಾಕುತ್ತ ಕೊನೆಯವರೆಗೆ ಕೇಳಿದ.

ಶಂಭುಲಿಂಗಪ್ಪ ಶನಿವಾರ ಬಂದು ಬಸ್ಸಿಳಿದವನು ನೇರ ವಿರೂಪಣ್ಣನ ಕಟ್ಟೆಗೆ ಬಂದು ಕೂತ. ರುಮಾಲು ಕಂಕುಳಲ್ಲಿತ್ತು. ಗಾಡಿಯಲ್ಲಿ ಮೂವರು ಎಲ್ಲಿಗೆಂದು ಕೇಳಿದ್ದರಂತೆ. ಇವನು ಬಾಯಿ ಬಿಟ್ಟಿರಲಿಲ್ಲ. ಸೊಲ್ಲಾಪುರದಲ್ಲಿ ಟಿಕೆಟಿನವನು ಇಳಿಸಿ, ದಂಡ ಕಟ್ಟಲಿಲ್ಲವೆಂದು ಗುರುವಾರ ಸಂಜೆಯವರೆಗೆ ಕೂರಿಸಿದ್ದ.

"ವಾಡ್ಯಾಗ ಇಳೀಬೇಕಂತ ಕೂಸಿಗೂ ಗೊತ್ತದ ಅಂದು ನಕ್ಕ ಅವ. ನೀ ಹೇಳಿರ್ತಿ, ನನ್ನ ತಲ್ಯಾಗ ನಿಲ್ಲಲಿಲ್ಲ." ರುಮಾಲು ತೊಡೆಯ ಮೇಲಿಟ್ಟುಕೊಂಡು ಕೇಳಿದ: "ಹೇಳಿದ್ದಿ ಹೌದಲ್ಲೋ?"

"ಹೇಳಿದ್ದೆ," ಎಂದ ವಿರೂಪಣ್ಣ.

ಊರು ಅವನಿಗೆ 'ಸೊಲ್ಲಾಪುರದ ಶಂಭು' ಎಂದು ಹೆಸರಿಟ್ಟಿತು. ಆ ಸೋಮವಾರ ಅವನು ಮಠಕ್ಕೆ ಬರಲಿಲ್ಲ, ಮುಂದಿನ ಸೋಮವಾರವೂ ಬರಲಿಲ್ಲ. ಕರೆಯಲು ಹೋದವರಿಗೆ "ಇನ್ನ ನಾ ಹಾಡಂಗಿಲ್ಲ" ಎಂದ. ಹಾಡಲೂ ಇಲ್ಲ. ಆಮೇಲೆ ಹಾಡುವವನ ಚಾಪೆಯ ಮೇಲೆ ವಿರೂಪಣ್ಣ ಕೂತ. ಪದಗಳ ಮಾತೆಲ್ಲ ಅವನಿಗೆ ಬರುತ್ತಿತ್ತು. ಕೆಲವಕ್ಕೆ ಧಾಟಿ ಕಟ್ಟಿದವನು ಶಂಭುಲಿಂಗಪ್ಪ; ಅವನು ದನಿ ಎತ್ತಿಕೊಟ್ಟರಷ್ಟೇ ಅವು ನಡೆಯುತ್ತಿದ್ದವು. ಅಂಥ ಪದ ಹನ್ನೊಂದು. ಹನ್ನೊಂದೂ ಊರಿನ ಬಾಯಿಂದ ಹೋದವು.