ಹಾಲುಬಟ್ಟಲಿಗೆ ಮೂರು ಕರೆ

ಹಡಗಿಗೆ ಹೆಸರಿಡುವುದು ನನ್ನ ಕೆಲಸ ಎಂದರೆ ಜನ ನಗುತ್ತಾರೆ. ನಗಲಿ. ಆಕಾಶದಲ್ಲಿ ಓಡಾಡುವ ಪ್ರತಿಯೊಂದು ತಾರಾನೌಕೆಯೂ ಒಮ್ಮೆ ನನ್ನ ಮೇಜಿಗೆ ಬಂದೇ ಮುಂದೆ ಹೋಗಬೇಕು. ನಾಗರಿಕ ಹಡಗಿನ ಮಾಲೀಕರಿಗೆ ಸಲುಗೆ ಜಾಸ್ತಿ. ಒಬ್ಬ ತನ್ನ ಸರಕಿನ ಹಡಗಿಗೆ 'ಹೆಂಡತಿಯ ಮಾತು' ಎಂದು ಹೆಸರಿಡಬೇಕೆಂದು ಹಟ ಹಿಡಿದಿದ್ದ. ಯಾಕಪ್ಪಾ ಎಂದರೆ, "ಇದನ್ನ ಯಾರಿಂದಲೂ ನಿಲ್ಸೋಕಾಗಲ್ಲ ಮೇಡಂ" ಎಂದ. ಹೆಂಡತಿಯ ಸಹಿ ತಂದರೆ ನೋಡೋಣ ಎಂದೆ. ಮತ್ತೆ ಇತ್ತ ತಲೆ ಹಾಕಲಿಲ್ಲ. ಸೈನ್ಯದವರದು ಬೇರೆಯೇ ರೀತಿ. ಸಿಡಿಲು, ಖಡ್ಗ, ರಣಗರ್ಜನೆ. ಹೇಳುವಾಗಲೇ ಹಲ್ಲು ಕಡಿಯಬೇಕು ಅಂಥ ಹೆಸರುಗಳು.

ಹೆಸರಿನ ಜೊತೆಗೆ ಒಂದು ಅಕ್ಷರ ಇರುತ್ತದೆ. ನಾಗರಿಕ ಹಡಗಿಗೆ 'ನಾ', ಸೈನ್ಯದ ಹಡಗಿಗೆ 'ಸೈ'. ಹಡಗು ಎಲ್ಲಿ ಹೋದರೂ ಅದರ ಮೂತಿಯ ದೀಪ ಈ ಅಕ್ಷರವನ್ನು ಬಿಡದೆ ಸಾರುತ್ತಿರುತ್ತದೆ. ಯುದ್ಧ ಶುರುವಾದ ಮೇಲೆ ಈ ಒಂದಕ್ಷರಕ್ಕೆ ಬಂದ ಬೆಲೆ ಜೀವಕ್ಕೂ ಇಲ್ಲ. 'ನಾ' ಹಡಗಿನ ಮೇಲೆ ಗುಂಡು ಹಾರಿಸಬಾರದು ಎಂದು ಎರಡೂ ಕಡೆಯವರು ಒಪ್ಪಿದ್ದಾರೆ. ಆಶ್ಚರ್ಯವೆಂದರೆ ಇಷ್ಟು ದಿನವೂ ಆ ಮಾತಿಗೆ ತಪ್ಪಿಲ್ಲ. 'ಸೈ' ಕಂಡರೆ ಮಾತ್ರ ಯಾರೂ ಯಾರನ್ನೂ ಕೇಳುವುದಿಲ್ಲ.

'ನಾ' ಹಡಗನ್ನು 'ಸೈ' ಮಾಡಲು ಒಂದು ಕಟ್ಟಳೆ ಇದೆ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂದು ಗಾದೆ. ನಮ್ಮಲ್ಲಿ ಕೋಳಿಯನ್ನು ಕೇಳಿಯೇ ಅರೆಯಬೇಕು. ನೋಂದಣಿ ಕಚೇರಿಯಿಂದ ಹೊಸ ಹೆಸರು ಹಿಡಿದು ಮೂರು ಸಲ ಕರೆಯಬೇಕು. ಹಡಗಿನ ರೇಡಿಯೋ ಮುಂದೆ ಕೂತವರು, ಅವರನ್ನು ನಾವು 'ಕಿವಿ' ಎನ್ನುತ್ತೇವೆ, "ಹೌದು, ನಾನೇ" ಎನ್ನಬೇಕು. ಅಂದ ಕ್ಷಣಕ್ಕೆ ದೀಪದ ಅಕ್ಷರ ತಾನಾಗಿ ಬದಲಾಗುತ್ತದೆ. ಮೂರು ಕರೆಗೂ ಓಗೊಡದಿದ್ದರೆ, ಹಡಗು ದಡ ಮುಟ್ಟುವವರೆಗೆ ಹಳೆಯ ಹೆಸರೇ ಗಟ್ಟಿ. ಈ ಕರೆಗಳನ್ನು ಶತ್ರುವೂ ಕೇಳಿಸಿಕೊಳ್ಳುತ್ತಾನೆ. ಎಲ್ಲರ ಕಿವಿಗೂ ಬೀಳಲೆಂದೇ ಹಾಗೆ ಮಾಡಿದ್ದು.

ಕಚೇರಿಯ ಪರವಾಗಿ ಕರೆಯುವ ದನಿ ನನ್ನದು. 'ಹಾಲುಬಟ್ಟಲು' ಎಂಬ ಸರಕಿನ ಹಡಗಿನ ಕಿವಿ ನನ್ನ ತಂಗಿ.

ಅವಳನ್ನು ಮನೆಯಲ್ಲಿ ಕಡ್ಡಿ ಎನ್ನುತ್ತಿದ್ದೆವು. ಇದ್ದದ್ದೂ ಕಡ್ಡಿಯ ಹಾಗೆ, ಮಾತೂ ಕಡ್ಡಿ ಮುರಿದ ಹಾಗೆ. ಗಣಿಯೂರುಗಳಿಗೆ ಔಷಧಿ, ಹಾಲಿನ ಪುಡಿ ಸಾಗಿಸುವ ಹಡಗದು. ಅದರಲ್ಲಿ ಆಯುಧ ಅಂತ ಏನಾದರೂ ಇದ್ದರೆ ಅಡುಗೆಮನೆಯ ಡಬ್ಬಿ ತೆರೆಯುವ ಚಾಕು. ದಿನದ ಕರೆಯ ಹೊತ್ತಿಗೆ ನಾನು "ಹಾಲುಬಟ್ಟಲು, ಏನೇ ಕಡ್ಡಿ" ಎನ್ನುತ್ತಿದ್ದೆ. ಕೆಟ್ಲಿನಲ್ಲಿ ನೀರು ಕುದ್ದು ಆರುವಷ್ಟು ಹೊತ್ತಿಗೆ ಅವಳ ದನಿ ಅಲ್ಲಿಂದ ಬಂದು ಮುಟ್ಟುತ್ತಿತ್ತು. "ಹೌದು, ನಾನೇ. ಇನ್ಯಾರಿರ್ತಾರೆ?" ಹಾಗೆ ಕರೆಯುವುದು ನಿಯಮಕ್ಕೆ ವಿರುದ್ಧ. ನಮ್ಮ ಮುಖ್ಯಸ್ಥರು, ಮೊಹರು ಸದಾ ಕೈಯಲ್ಲೇ ಇರುವುದರಿಂದ ಅವರಿಗೆ ಮೊಹರು ಸಾಹೇಬರೆಂದೇ ಹೆಸರು, ಇದನ್ನು ಕಿವಿಯ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. ಅವರಿಗೆ ಜಗಳವೆಂದರೆ ಆಗದು. ಹಲ್ಲಿ ಲೊಚಗುಟ್ಟಿದರೂ ಕ್ಷಮಿಸಿ ಎನ್ನುವ ಜೀವ.

ಆ ದಿನ ಮಧ್ಯಾಹ್ನ ಊಟದ ಡಬ್ಬಿ ತೊಳೆದಿಟ್ಟು ಬರುವಷ್ಟರಲ್ಲಿ ನನ್ನ ಕುರ್ಚಿಯ ಹಿಂದೆ ಒಬ್ಬ ಕಮಾಂಡರ್ ನಿಂತಿದ್ದ. ಬೂಟಿನ ಸದ್ದೂ ಕೇಳಿರಲಿಲ್ಲ. ಮೊಹರು ಸಾಹೇಬರು ಗೋಡೆಗೆ ಅಂಟಿಕೊಂಡಂತೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರು.

"ಒಂದು ಹಡಗನ್ನ ಸೈನ್ಯಕ್ಕೆ ತಗೋಬೇಕು. ಹೊಸ ಹೆಸರು ವಜ್ರಮುಷ್ಟಿ. ಈಗಲೇ ಕರೀರಿ" ಎಂದು ಅವನು ಚೀಟಿ ಇಟ್ಟ.

ಚೀಟಿಯಲ್ಲಿ ಹಳೆಯ ಹೆಸರು ಓದಿದೆ. ಹಾಲುಬಟ್ಟಲು.

"ಅದು ಹಾಲಿನ ಪುಡಿ ಹೊರೋ ಹಡಗು ಸಾರ್. ಅದರಲ್ಲಿ ಒಂದು ಬಂದೂಕೂ ಇಲ್ಲ" ಎಂದೆ.

"ಬಂದೂಕು ಬೇಕಾಗಿಲ್ಲ. ಅದು ಹೋಗೋ ದಾರೀಲಿರೋ ಬಂಡೆಗಳ ಕಣಿವೆ ಹತ್ರ ಶತ್ರುಗಳ ಫಿರಂಗಿ ಎಲ್ಲೋ ಅಡಗಿದೆ. ಹಾರಿಸದ ಹೊರತು ಎಲ್ಲಿದೆ ಅಂತ ಗೊತ್ತಾಗಲ್ಲ. 'ಸೈ' ಅಂತ ಒಂದು ಹಡಗು ಕಂಡ್ರೆ ಹಾರಿಸ್ತಾರೆ. ಈ ಹೊತ್ತು ಅಲ್ಲಿರೋದು ಇದೊಂದೇ ಹಡಗು." ಅಂಗಡಿಯಲ್ಲಿ ಸಾಮಾನು ಹೇಳುವವನ ಹಾಗೆ ಅವನು ಹೇಳಿದ. ದನಿಯಲ್ಲಿ ಕೋಪವಿಲ್ಲ, ದುಃಖವೂ ಇಲ್ಲ. ನನಗೆ ಹೆದರಿಕೆಯಾದದ್ದೇ ಅದಕ್ಕೆ.

"ಅಲ್ಲಿರೋ ಜನ?"

"ಅವರಿಗೆ ಏನೂ ಹೇಳಬೇಕಾಗಿಲ್ಲ. ಹೆಸರು ಕರೀರಿ, ಓಗೊಡ್ತಾರೆ. ನಿಮ್ಮ ದನಿ ಅವರಿಗೆ ಪರಿಚಯ, ಅನುಮಾನ ಪಡಲ್ಲ." ಅವನ ಬೆರಳು ಮೈಕಿನ ಗುಂಡಿಯ ಮೇಲಿತ್ತು. ಒಂದು ಮಾತು ಹೆಚ್ಚಿಗೆ ಬಂದರೆ ಅದುಮಿ ಕತ್ತರಿಸಲು.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಇಲ್ಲಿ ಬೆಕ್ಕಿಗೆ ಚೆಲ್ಲಾಟವೂ ಇರಲಿಲ್ಲ, ಬರೀ ಕೆಲಸ. ನಾನು ಮೊಹರು ಸಾಹೇಬರನ್ನು ನೋಡಿದೆ. ಆ ಹಡಗಿನಲ್ಲಿ ನನ್ನ ತಂಗಿ ಇರುವುದು ಅವರಿಗೆ ಗೊತ್ತು. ಅವರು ನೆಲ ನೋಡಿದರು. ನಾನು ಒಲ್ಲೆನೆಂದರೆ ನನ್ನನ್ನು ಎಳೆದೊಯ್ದು ಇನ್ನೊಬ್ಬರನ್ನು ಕೂರಿಸುತ್ತಾರೆ. ಅವರು ಕರೆದರೂ ಕಡ್ಡಿ ಓಗೊಡುತ್ತಾಳೆ. ಹುಟ್ಟಿದಾಗಿನಿಂದ ಒಂದು ಮಾತಿಗೂ ಎದುರುಮಾತಿಲ್ಲದೆ ಬಿಟ್ಟವಳಲ್ಲ. ಅಭ್ಯಾಸದಂತೆ ಮೈಕಿಗೆ ಬಗ್ಗಿ, "ವಜ್ರಮುಷ್ಟಿ, ಏನೇ..." ಎಂದು ಗುನುಗಿ ನೋಡಿಕೊಂಡೆ.

"ಏನದು ಏನೇ ಗೀನೇ? ಇದು ಮನೆಯಲ್ಲ. ನಿಯಮದ ಪ್ರಕಾರ ಕರೀರಿ" ಎಂದು ಕಮಾಂಡರ್ ಗದರಿದ. "ಕಿವಿಯ ಪೂರ್ತಿ ಹೆಸರು ಹೇಳಿ. ಶಾಲೆ ದಾಖಲೆಯಲ್ಲಿ ಇರೋ ಹಾಗೆ."

ಪೂರ್ತಿ ಹೆಸರು.

ನಮ್ಮ ಮನೆಯಲ್ಲಿ ಅವಳನ್ನು ಪೂರ್ತಿ ಹೆಸರಿನಿಂದ ಕರೆಯುತ್ತಿದ್ದುದು ಒಂದೇ ಕಾರಣಕ್ಕೆ. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯಲು ಹೋದ ಹೊತ್ತು. ಮೆಟ್ಟಿಲ ಮೇಲೆ ಅಪ್ಪನ ಕಾಲಿನ ಸದ್ದು ತಾಳ ತಪ್ಪಿ ಕೇಳಿದರೆ, ನಾನು ಒಳಗಿನಿಂದ ಅವಳ ಪೂರ್ತಿ ಹೆಸರು ಕೂಗುತ್ತಿದ್ದೆ. ಅಪ್ಪನಿಗೆ ಅದು ಓದಲು ಕರೆದಂತೆ ಕೇಳಬೇಕು. ಕಡ್ಡಿಗೆ ಅದರ ಅರ್ಥ: ಓಡು, ಹಾಸಿಗೆಯ ಪೆಟ್ಟಿಗೆಯೊಳಗೆ ಸೇರು, ಉಸಿರು ಬಿಡಬೇಡ, ಎಷ್ಟು ಸಲ ಕರೆದರೂ ಓಗೊಡಬೇಡ. ಬೆಲ್ಟಿನ ಸದ್ದು ನಿಂತು, ಅಪ್ಪ ಮತ್ತೆ ಹೊರಗೆ ಹೋದ ಮೇಲೆ, ನಾನು ಪೆಟ್ಟಿಗೆಯ ಹತ್ತಿರ ಬಂದು "ಕಡ್ಡಿ" ಎಂದರೆ ಮಾತ್ರ ಒಳಗಿನಿಂದ ಸಣ್ಣ ದನಿ ಬರುತ್ತಿತ್ತು. ಅಪ್ಪ ಸತ್ತ ಮೇಲೆ ಆ ಪೆಟ್ಟಿಗೆಯನ್ನು ನಾವೇ ಒಡೆದು ಒಲೆಗೆ ಹಾಕಿದೆವು. ಆಮೇಲೆ ನಾನು ಅವಳನ್ನು ಎಂದೂ ಪೂರ್ತಿ ಹೆಸರಿನಿಂದ ಕರೆದಿಲ್ಲ.

ಅವಳಿಗೆ ನೆನಪಿರುತ್ತದೆಯೇ? ಈಗ ಅವಳಿಗೂ ಅಲ್ಲಲ್ಲಿ ಕೂದಲು ಬೆಳ್ಳಗಾಗಿದೆ. ನಕ್ಕು, "ಅಬ್ಬಾ, ಏನಿವತ್ತು ಇಷ್ಟು ಮರ್ಯಾದೆ? ಹೌದು, ನಾನೇ" ಎಂದುಬಿಟ್ಟರೆ?

ನಾನು ಕರೆದೆ. "ವಜ್ರಮುಷ್ಟಿ, ವಜ್ರಮುಷ್ಟಿ, ನೋಂದಣಿ ಕಚೇರಿ ಕರೆಯುತ್ತಿದೆ." ಆಮೇಲೆ ಅವಳ ಪೂರ್ತಿ ಹೆಸರು, ಒಂದೊಂದೇ ಅಕ್ಷರ, ಆ ದಿನಗಳಲ್ಲಿ ಕೂಗುತ್ತಿದ್ದ ಅದೇ ರಾಗದಲ್ಲಿ. "ಇರುವಿರಾ?"

ಕಾದೆವು. ರೇಡಿಯೋದಲ್ಲಿ ಮರಳು ಜರಡಿ ಹಿಡಿದಂಥ ಸದ್ದು. ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಕೂತೆ. ಹೊತ್ತು ಕಳೆಯಿತು. ಏನೂ ಇಲ್ಲ.

"ಮತ್ತೆ" ಎಂದ ಕಮಾಂಡರ್.

ಮತ್ತೆ ಕರೆದೆ. ಮತ್ತೆ ಮರಳು. ಓಗೊಡಬೇಡ, ಓಗೊಡಬೇಡ ಎಂದು ಒಳಗೊಳಗೇ ಹಲುಬಿದೆ. ಮೂರನೆಯ ಸಲ ಕರೆಯುವಾಗ ದನಿ ಒಡೆಯಿತು. ಕೆಮ್ಮಿದಂತೆ ಮಾಡಿ ಮುಚ್ಚಿಕೊಂಡೆ. ಮೂರನೆಯ ಕರೆಗೂ ಉತ್ತರ ಬರಲಿಲ್ಲ.

ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಕಮಾಂಡರ್ ಗಡಿಯಾರ ನೋಡಿ, "ಮೊದಲೇ ಏನಾದ್ರೂ ಬಡಿದು ಸತ್ತಿರಬಹುದು" ಎಂದ. ಅಡಗಿರುವವರ ಮೌನಕ್ಕೂ ಸತ್ತವರ ಮೌನಕ್ಕೂ ಏನು ವ್ಯತ್ಯಾಸ? ಬೆಳಗಿನ ಕರೆಗೆ ಅವಳು ನಗುತ್ತಲೇ ಮಾತಾಡಿದ್ದಳು. ಆದರೆ ಬೆಳಿಗ್ಗೆ ಎನ್ನುವುದು ಎಷ್ಟು ಹಿಂದಿನ ಮಾತು! ಯಾವ ಮೌನಕ್ಕಾಗಿ ಬೇಡಿಕೊಂಡಿದ್ದೆನೋ ಅದೇ ಈಗ ನನ್ನ ಕುತ್ತಿಗೆ ಹಿಸುಕುತ್ತಿತ್ತು.

ಮೊಹರು ಸಾಹೇಬರು ಗಂಟಲು ಸರಿಮಾಡಿಕೊಂಡರು. "ನಿಯಮದ ಪ್ರಕಾರ ಇನ್ನೊಂದು ಕರೆ ಇದೆ ಸಾರ್. ಜೀವದ ಕರೆ. ಹಳೇ ಹೆಸರಲ್ಲಿ."

ಅದು ನನಗೂ ಗೊತ್ತಿತ್ತು. ಗೊತ್ತಿದ್ದೇ, ಅವರಿಗೆ ಅದು ನೆನಪಾಗದಿರಲಿ ಎಂದು ಹಾರೈಸಿದ್ದೆ. ಹೊಸ ಹೆಸರಿಗೆ ಓಗೊಡದ ಹಡಗನ್ನು ಹಳೆಯ ಹೆಸರಿನಿಂದ ಒಮ್ಮೆ ಕರೆಯಬೇಕು. ಓಗೊಟ್ಟರೆ ಬದುಕಿದೆ, ಹೆಸರು ಗಟ್ಟಿ. ಓಗೊಡದಿದ್ದರೆ ಸತ್ತಿತೆಂದು ಅದರ ಹೆಸರು ಅಳಿಸುತ್ತೇವೆ, ದೀಪ ಆರುತ್ತದೆ. ಹೆಸರಿಲ್ಲದ, ಅಕ್ಷರವಿಲ್ಲದ ಹಡಗಿಗೆ ಯಾರು ಬೇಕಾದರೂ ಹೊಡೆಯಬಹುದು.

"ಕರೀರಿ" ಎಂದ ಕಮಾಂಡರ್. "ಪೂರ್ತಿ ಹೆಸರು."

ಅತ್ತ ದರಿ, ಇತ್ತ ಹುಲಿ. ಪೂರ್ತಿ ಹೆಸರು ಹಿಡಿದರೆ ಅವಳು ಪೆಟ್ಟಿಗೆಯಿಂದ ಹೊರಗೆ ಬರುವುದಿಲ್ಲ. ನಾನೇ ಹೇಳಿಕೊಟ್ಟದ್ದು ಅದು. ಕಡ್ಡಿ ಎಂದರೆ ಬರುತ್ತಾಳೆ, ಆದರೆ ನಾನು ಸಿಕ್ಕಿಬೀಳುತ್ತೇನೆ. ಯುದ್ಧಕಾಲದಲ್ಲಿ ಸೈನ್ಯದ ಕರೆ ಕೆಡಿಸಿದವರನ್ನು ಎಲ್ಲಿಗೆ ಒಯ್ಯುತ್ತಾರೆ, ಯಾರೂ ತಿರುಗಿ ಬಂದು ಹೇಳಿಲ್ಲ. ನನಗೆ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ.

"ಹಾಲುಬಟ್ಟಲು" ಎಂದೆ. "ನೋಂದಣಿ ಕಚೇರಿ. ಕಡ್ಡೀ... ಇದೀಯೇನೇ?"

ಕಮಾಂಡರನ ಬೆರಳು ಗುಂಡಿ ಅದುಮಿತು. ತಡವಾಗಿತ್ತು, ಮಾತು ಹೋಗಿಯಾಗಿತ್ತು. ಮೊದಲು ಹೇಳಿದ ಪೂರ್ತಿ ಹೆಸರು, ಈಗ ಹೇಳಿದ್ದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದಾನೆಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತ. ಅವನ ಉಸಿರು ನನ್ನ ತಲೆಗೂದಲಿಗೆ ತಾಗುತ್ತಿತ್ತು. ಹಾಗೆಯೇ ಕಾದೆವು. ಅಷ್ಟು ಉದ್ದದ ಹೊತ್ತನ್ನು ನಾನು ಆ ಮೊದಲು ಕಂಡಿರಲಿಲ್ಲ.

ಮರಳಿನ ಸದ್ದು ಬಿರಿಯಿತು.

"ಹಾಲುಬಟ್ಟಲು. ಹೌದು, ನಾನೇ."

ಮೊಹರು ಸಾಹೇಬರ ಕೈ ಮೇಲೆದ್ದದ್ದು ನಾನು ನೋಡಲಿಲ್ಲ, ಧಪ್ಪೆಂದು ಬಿದ್ದದ್ದು ಕೇಳಿಸಿತು. ಹಲ್ಲಿಗೂ ಕ್ಷಮೆ ಕೇಳುವ ಮನುಷ್ಯ ಕಮಾಂಡರನ ಎದುರೇ ಮೊಹರು ಒತ್ತಿದ್ದರು. "ಹಾಲುಬಟ್ಟಲು, ನಾ" ಎಂದು ಅವರು ಓದಿದರು, ದನಿ ನಡುಗುತ್ತಿತ್ತು. "ದಡ ಮುಟ್ಟೋವರೆಗೆ ಗಟ್ಟಿ. ಇನ್ನು ಬದಲಾಯಿಸೋಕೆ ಬರಲ್ಲ ಸಾರ್, ಕ್ಷಮಿಸಿ."

ಅಷ್ಟರಲ್ಲಿ ರೇಡಿಯೋ ಮತ್ತೆ ಮಾತಾಡಿತು. ಈ ಸಲ ದನಿ ತುಂಬ ಸಣ್ಣದಾಗಿತ್ತು, ಹಾಸಿಗೆಯ ಪೆಟ್ಟಿಗೆಯೊಳಗಿಂದ ಬರುತ್ತಿದ್ದ ಅದೇ ದನಿ, ಅಂದು ಕೇಳುತ್ತಿದ್ದ ಅದೇ ಪ್ರಶ್ನೆ.

"ಅಕ್ಕಾ, ಹೋದ್ರಾ?"

ಕಮಾಂಡರನ ಕೈ ಕುರ್ಚಿಯ ಬೆನ್ನಿನಿಂದ ನನ್ನ ಭುಜಕ್ಕೆ ಬಂತು. ಇನ್ನೊಂದು ಕೈಯಿಂದ ತಾನೇ ಗುಂಡಿ ಒತ್ತಿ ಮೈಕು ತೆರೆದ. ಹೇಳಿ, ಉತ್ತರ ಹೇಳಿ ಎಂಬಂತೆ ಗದ್ದ ಆಡಿಸಿದ. ಅಂದೆಲ್ಲ, ಮೈಮೇಲೆ ಬಾಸುಂಡೆ ಎದ್ದಿದ್ದರೂ, ನಗುತ್ತಲೇ 'ಹೋದ್ರು ಬಾರೇ' ಎನ್ನುತ್ತಿದ್ದೆ.

"ಇಲ್ಲ ಕಡ್ಡಿ" ಎಂದೆ. "ಇಲ್ಲೇ ಇದ್ದಾರೆ. ನೀನು ಹೋಗು."